ಹೆಣಪ್ಪನ ಒಂದೇ ಮಾತು

ನನ್ನ ಗಂಡ ಹೋದ ತಿಂಗಳವರೆಗೆ ಹನ್ನೊಂದು ಸಲ ಸತ್ತಿದ್ದರು. ಎಲ್ಲವೂ ಒಂದೇ ಪೊಲೀಸ್ ಧಾರಾವಾಹಿಯಲ್ಲಿ. ಆ ಧಾರಾವಾಹಿಯ ಊರು ಎಷ್ಟು ಕೆಟ್ಟು ಕೆರ ಹಿಡಿದಿದೆಯೆಂದರೆ, ಹಾಲು ತರಲು ಹೋದವನೂ ಹೆಣವಾಗುತ್ತಾನೆ. ಹೆಣ ಬೇಕಾದಾಗಲೆಲ್ಲ ಇವರನ್ನೇ ಕರೆಯುತ್ತಾರೆ, ಏಕೆಂದರೆ ಮೂಗಿನ ಮೇಲೆ ನೊಣ ಕೂತರೂ ಇವರು ಮಿಸುಕುವುದಿಲ್ಲ. ಸೆಟ್ಟಿನಲ್ಲಿ ಇವರ ಹೆಸರೇ ಹೆಣಪ್ಪ. ನಾನು ಅಲ್ಲೇ ಮೇಕಪ್ಪಿನವಳು. ಪ್ರತಿ ಸಾವಿಗೂ ಇವರ ಮೀಸೆ ಬದಲಿಸಿ, ಹಣೆಗೆ ರಕ್ತ ಬಳಿಯುವವಳು ನಾನೇ.

ಅತ್ತೆಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. "ಹೆತ್ತ ಕರುಳು ಕಣೇ. ನಾನು ಕಣ್ಣು ಮುಚ್ಚೋದ್ರೊಳಗೆ ಒಂದೇ ಒಂದ್ಸಲ ಅವ್ನು ಟೀವೀಲಿ ಬಾಯಿಬಿಟ್ಟು ಮಾತಾಡೋದನ್ನ ನೋಡ್ಬೇಕು" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಸಂಕಟವಾಗುತ್ತಿತ್ತು. ನಿರ್ದೇಶಕರ ತಲೆ ತಿಂದು ತಿಂದು ಕೊನೆಗೂ ಇವರಿಗೊಂದು ಸಾಕ್ಷಿಯ ಪಾತ್ರ ಕೊಡಿಸಿದೆ. ಇವರು ಅಂಗಡಿಯ ಮುಂದೆ ನಿಂತಿರಬೇಕು. ಗುಂಡು ಹಾರಿ ಅಂಗಡಿಯ ಗಾಜು ಒಡೆಯುತ್ತದೆ, ಇನ್ಸ್‌ಪೆಕ್ಟರ್ ಓಡಿಬಂದು ಕೇಳುತ್ತಾನೆ. ಆಗ ಇವರು, "ಆ ಕಡೆ ಓಡಿದ ಸಾರ್, ಕೈಯಲ್ಲಿ ಚೀಲ ಇತ್ತು" ಅನ್ನಬೇಕು. ಅಷ್ಟೇ.

ಆ ಅಷ್ಟಕ್ಕೆ ಒಂದು ವಾರ ಮನೆಯಲ್ಲಿ ನಮಗೆ ನೆಮ್ಮದಿಯಿರಲಿಲ್ಲ. ಹಲ್ಲುಜ್ಜುವಾಗಲೂ ಆ ಕಡೆ ಓಡಿದ, ಸ್ನಾನ ಮಾಡುವಾಗಲೂ ಆ ಕಡೆ ಓಡಿದ.

ಚಿತ್ರೀಕರಣದ ದಿನ ನಿರ್ದೇಶಕರು ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ಇರೋದು ಒಂದೇ ಗಾಜು. ಎರಡನೇ ಸಲ ತೆಗೆಯೋಕಾಗಲ್ಲ. ಏನೇ ಆದ್ರೂ ನಾನು ಕಟ್ ಅನ್ನೋವರೆಗೆ ನಿಲ್ಲಿಸ್ಬೇಡಿ."

ಗುಂಡು ಹಾರಿತು. ಗಾಜು ಒಡೆಯಿತು. ನಮ್ಮ ಯಜಮಾನರು ಎದೆ ಹಿಡಿದುಕೊಂಡು ದೊಪ್ಪನೆ ಬಿದ್ದು ಸತ್ತರು.

ಅಭ್ಯಾಸಬಲ! ನನಗೆ ಮೈಯೆಲ್ಲ ಉರಿದುಹೋಯಿತು. ಪುಣ್ಯಕ್ಕೆ ಇನ್ಸ್‌ಪೆಕ್ಟರ್ ಪಾತ್ರಧಾರಿ ಚುರುಕಿನ ಮನುಷ್ಯ. ಪಕ್ಕದಲ್ಲಿ ಮಂಡಿಯೂರಿ, "ಹೇಳಪ್ಪಾ, ಯಾವ ಕಡೆ ಓಡಿದ?" ಎಂದ. ಭುಜ ಅಲ್ಲಾಡಿಸಿದ, ಕೆನ್ನೆ ತಟ್ಟಿದ, ಕ್ಯಾಮೆರಾಗೆ ಕಾಣದ ಹಾಗೆ ಪಕ್ಕೆಗೆ ಚಿವುಟಿಯೂ ಚಿವುಟಿದ. ಕಟ್ ಅನ್ನುವವರೆಗೆ ಹೆಣ ಏಳಬಾರದು ಎಂಬುದು ಇವರ ಕಸುಬಿನ ಶಿಸ್ತು. ಅದನ್ನು ಮುರಿಯುವ ಪೈಕಿಯೇ ಅಲ್ಲ ಇವರು.

ನಿರ್ದೇಶಕರು ಕಟ್ ಅನ್ನಲು ಬಾಯಿ ತೆರೆದರು. ಅಂದುಬಿಟ್ಟರೆ ಆ ಮಾತು ಇನ್ಯಾರದೋ ಪಾಲಾಗುತ್ತದೆ, ಅತ್ತೆಯ ಆಸೆ ಮಣ್ಣುಪಾಲಾಗುತ್ತದೆ. ನನ್ನ ಮೈಮೇಲೆ ಅದೇನು ಬಂತೋ, ಪೌಡರ್ ಡಬ್ಬಿ ಹಿಡಿದೇ ಕ್ಯಾಮೆರಾದ ಮುಂದೆ ನುಗ್ಗಿದೆ.

"ರೀ! ಬಾಯಿ ಬಿಡ್ರೀ! ಹೇಳಿ ಸಾಯ್ರೀ!"

ಹೆಣ ಕಣ್ಣು ಬಿಟ್ಟಿತು. "ಆ ಕಡೆ ಓಡಿದ ಸಾರ್, ಕೈಯಲ್ಲಿ ಚೀಲ ಇತ್ತು" ಎಂದು ಒಂದಕ್ಷರ ತಪ್ಪದೆ ಒಪ್ಪಿಸಿ, ವಿಧೇಯವಾಗಿ ಮತ್ತೆ ಸತ್ತುಹೋಯಿತು.

ಬೇರೆ ಗಾಜು ಎಲ್ಲಿಂದ ತರುತ್ತಾರೆ? ಅದನ್ನೇ ಇಟ್ಟುಕೊಂಡರು. ಕಥೆಯಲ್ಲಿ ನಾನು ವಿಧವೆಯಾದೆ.

ಭಾನುವಾರ ಸಂಜೆ ಮೂವರೂ ಟೀವಿ ಮುಂದೆ ಕೂತೆವು. ಅತ್ತೆ ರೆಪ್ಪೆ ಬಡಿಯದೆ ನೋಡಿದರು. "ಮಾತಾಡ್ದ ಕಣೇ" ಎಂದು ನನ್ನ ಕೈ ಹಿಡಿದುಕೊಂಡು ಅತ್ತರು. ನನಗೂ ಅಳು ಬಂತು. ಆಮೇಲೆ ಮೂಗು ಒರೆಸಿಕೊಂಡು ಮಗನ ಕಡೆ ತಿರುಗಿದರು.

"ಹನ್ನೊಂದು ಸಲ ಇಲ್ಲೇ ಕೂತು 'ಏಳೋ ಮಗನೇ, ಏಳೋ' ಅಂತ ಗಂಟಲು ಹರ್ಕೊಂಡಿದೀನಿ, ಒಂದ್ಸಲನಾದ್ರೂ ಕಣ್ಣು ಬಿಟ್ಯಾ? ಹೆಂಡ್ತಿ ಒಂದ್ಸಲ ಕೂಗಿದ್ಕೆ, ಸತ್ತೋನು ಮಾತಾಡ್ಬಿಟ್ಟೆ!"