ಮೃದುಭಾಷಿ

ಮುಖ್ಯೋಪಾಧ್ಯಾಯರು ಶ್ರದ್ಧಾಂಜಲಿಯ ಎರಡನೇ ಹಾಳೆಗೆ ಬರುವಷ್ಟರಲ್ಲಿ, ತೀರಿಕೊಂಡ ಟೀಚರಮ್ಮನ ಮಗಳು ಎರಡೂ ಹಾಳೆಗಳನ್ನು ಅವರ ಕೈಯಿಂದ ಕಿತ್ತುಕೊಂಡಳು.

"ಮೃದುಭಾಷಿ ಅಂದ್ರಲ್ಲ ಸರ್, ಯಾರು? ನಮ್ಮಮ್ಮನಾ?"

ಅಂಗಳದಲ್ಲಿ ಯಾರೋ ಕೆಮ್ಮಿದರು. ಮೂವತ್ತೊಂದು ವರ್ಷ ಭಾಷೆ ಕಲಿಸಿದವರು ಟೀಚರಮ್ಮ. ಅವರು ಬಾಯಿ ಬಿಟ್ಟರೆ ಮೂರು ಕೋಣೆಯಾಚೆ ಗಣಿತದ ಮೇಷ್ಟ್ರು ಸೀಮೆಸುಣ್ಣ ಕೆಳಗಿಡುತ್ತಿದ್ದರು. ಹಾಳೆಯಲ್ಲಿದ್ದದ್ದು ಮಾತ್ರ 'ಜ್ಞಾನದೀವಿಗೆ', 'ತುಂಬಲಾರದ ನಷ್ಟ', 'ಸದಾ ಹಸನ್ಮುಖಿ'. ಯಾವ ಹೆಣದ ಮುಂದೆ ಓದಿದರೂ ನಡೆಯುತ್ತದೆ.

"ಯಾರು ಬರೆದಿದ್ದು ಇದನ್ನ?"

"ಎಐನಲ್ಲಿ ಮಾಡಿಸಿದ್ದಮ್ಮಾ. ಚಿಕ್ಕ ಟೀಚರ್ ನೋಡಿ ಕೊಟ್ಟಿದ್ದಾರೆ. ಒಂದೂ ತಪ್ಪಿಲ್ಲ."

ಅದೇ ಶಾಲೆಯ ಇನ್ನೊಬ್ಬ ಭಾಷಾ ಶಿಕ್ಷಕಿ, ಚಿಕ್ಕ ಟೀಚರ್, ಗೋಡೆಗೊರಗಿ ನಿಂತಿದ್ದಳು. ಬೆಳಿಗ್ಗೆ ಬಸ್ಸಿನಲ್ಲಿ ಕೆಂಪು ಪೆನ್ನು ಹಿಡಿದು ಎರಡೂ ಹಾಳೆ ನೋಡಿದ್ದಳು. ತಪ್ಪು ಸಿಗಲಿಲ್ಲ. ಅಭ್ಯಾಸಬಲ, ಕೆಳಗೊಂದು ಸರಿ ಗುರುತು ಹಾಕಿ ಸಹಿಯನ್ನೂ ಮಾಡಿಬಿಟ್ಟಿದ್ದಳು.

*

ಹೋದ ತಿಂಗಳು ಶಿಕ್ಷಕರ ಕೋಣೆಯಲ್ಲಿ ಇದೇ ಜಗಳವಾಗಿತ್ತು. ಎಐ ಬರೆದ ಪ್ರಬಂಧವೊಂದನ್ನು ತೋರಿಸಿ ಚಿಕ್ಕ ಟೀಚರ್, "ನಮ್ಮ ಮಕ್ಕಳಿಗಿಂತ ಚೆನ್ನಾಗಿ ಬರೆಯುತ್ತೆ ಅಲ್ವಾ ಅಕ್ಕಾ?" ಎಂದಿದ್ದಳು.

ಟೀಚರಮ್ಮ ಓದಿ ಹಾಳೆಯನ್ನು ಮೇಜಿಗೆ ಕುಕ್ಕಿದರು. "'ನನ್ನ ಅಜ್ಜಿ ಪ್ರೀತಿಯ ಸಾಗರ.' ಯಾವ ಅಜ್ಜಿ ಕಣೇ? ಇವಳಿಗೆ ಮಂಡಿ ನೋವಿಲ್ವಾ? ಸೊಸೆ ಮೇಲೆ ಸಿಟ್ಟಿಲ್ವಾ?"

"ತಪ್ಪಂತೂ ಇಲ್ವಲ್ಲ."

"ತಪ್ಪು ಮಾಡೋಕೂ ಒಬ್ಬರು ಬೇಕು. ಇದರಲ್ಲಿ ಯಾರೂ ಇಲ್ಲ."

*

ಮಗಳು ಹಾಳೆಗಳನ್ನು ಹರಿಯಲಿಲ್ಲ. ಮಡಚಿ ಮುಖ್ಯೋಪಾಧ್ಯಾಯರ ಜೇಬಿಗೇ ತುರುಕಿದಳು.

"ಇಟ್ಕೊಳ್ಳಿ ಸರ್, ಮುಂದಿನವರಿಗೂ ಆಗುತ್ತೆ." ಅಂಗಳದಲ್ಲಿದ್ದ ಟೀಚರುಗಳತ್ತ ಕೈ ತೋರಿಸಿದಳು. "ಇಷ್ಟು ಜನ ಟೀಚರ್ಸ್ ಇದ್ದೀರಿ. ಅಮ್ಮನ ಬಗ್ಗೆ ಒಂದಾದ್ರೂ ನಿಜವಾದ ಮಾತು ಆಡಿಸಿ ಕಳಿಸೋಣ ಅಂದ್ಕೊಂಡಿದ್ದೆ. ಬೇಡ. ಎತ್ತಿ."

ಎತ್ತಿದರು. ವ್ಯಾನಿನ ಬಾಗಿಲು ಇನ್ನೇನು ಮುಚ್ಚಬೇಕು, ಚಿಕ್ಕ ಟೀಚರ್ ಅಡ್ಡ ಕೈ ಹಾಕಿದಳು.

"ತಾಳಿ."

ಎಲ್ಲರೂ ಅವಳತ್ತ ತಿರುಗಿದರು. "ಅಕ್ಕ... ನನ್ನ ಬೈತಿದ್ರು. ದಿನಾ. ನನ್ನ ಮಗೂಗೆ ಜ್ವರ ಬಂದಾಗ ಹನ್ನೊಂದು ದಿನ ನನ್ನ ಕ್ಲಾಸೂ ಅವರೇ... ಆಗ್ಲೂ ಬೈಕೊಂಡೇ..."

"ಹೊತ್ತಾಯ್ತು, ಬನ್ನಿ," ಎಂದರು ಮುಖ್ಯೋಪಾಧ್ಯಾಯರು.

"ಸುಮ್ನಿರಿ ಸರ್," ಎಂದಳು ಮಗಳು. "ಅವರು ಮಾತಾಡ್ತಿದ್ದಾರೆ."

ಡ್ರೈವರ್ ಇಂಜಿನ್ ಆಫ್ ಮಾಡಿದ.