ದ್ರಾಕ್ಷಿ ಇಲ್ಲದ ಉಂಡೆ

ಜಯಲಕ್ಷ್ಮಿಯ ಮನೆಯಲ್ಲಿ ಒಂದು ಕಾನೂನಿತ್ತು. ಚಪ್ಪಲಿ ಗರಾಜಿನಲ್ಲಿ, ಕೈಕಾಲು ತೊಳೆಯುವುದು ಬಟ್ಟೆ ಒಗೆಯುವ ಲಾಂಡ್ರಿ ಕೋಣೆಯಲ್ಲಿ, ನಾಯಿ ಬೇಲಿಯಾಚೆ. ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಸದರ್ನ್ ರಿವರ್ ಬಡಾವಣೆಯಲ್ಲಿ ಮನೆ ಕಟ್ಟಿಸಿದಂದಿನಿಂದ ಅವಳ ಗಂಡ ರಮಾಕಾಂತ್ ಈ ಕಾನೂನನ್ನು ತುಟಿಪಿಟಕ್ಕೆನ್ನದೆ ಪಾಲಿಸಿಕೊಂಡು ಬಂದಿದ್ದ. ಊರಿನ ಮೈನಿಂಗ್ ಕಂಪನಿಯಲ್ಲಿ ಅವನು ದೊಡ್ಡ ಎಂಜಿನಿಯರೇ ಇರಬಹುದು, ಮನೆಯಲ್ಲಿ ಅವನ ಹುದ್ದೆ ಅಷ್ಟಕ್ಕಷ್ಟೆ. ಮಗಳು ಪೂರ್ವಿ ಮಾತ್ರ ನಾಯಿಮರಿ ಬೇಕೆಂದು ಹಟ ಹಿಡಿದಳು, ಅತ್ತಳು, ಸೋತಳು, ಕೊನೆಗೆ ಓದುವುದಕ್ಕೆ ಬ್ರಿಸ್ಬೇನ್‌ಗೆ ಹೋದಳು.

ಆದರೆ ಬೇಲಿಯಾಚೆ ಯಾರಿರಬೇಕು ಎನ್ನುವುದು ಜಯಲಕ್ಷ್ಮಿಯ ಕಾನೂನಿಗೆ ಸೇರಿದ್ದಲ್ಲವಲ್ಲ. ಅಲ್ಲಿದ್ದವರು ಐರ್ಲೆಂಡಿನಿಂದ ಎಂದೋ ಬಂದು ನೆಲೆಸಿದ ಬ್ರೈಡಿ ಮತ್ತು ಷೇಮಸ್ ದಂಪತಿ. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಮೊದಲ ಸಲ ಮಾತಾಡಿದಾಗ ಜಯಲಕ್ಷ್ಮಿ ಬ್ರೈಡಿಯನ್ನು ಆಂಟಿ ಎಂದು ಕರೆದಳು. ಆಕೆ ಹೆಸರು ಹಿಡಿದೇ ಕರೆಯಬೇಕೆಂದಳು. ಹಿರಿಯಳನ್ನು ಬರೀ ಹೆಸರಿಂದ ಕರೆಯಲು ನಾಲಿಗೆ ಹೊರಳದೆ, ಮೈಸೂರಿನ ಜಯಲಕ್ಷ್ಮಿ ಅವಳನ್ನು ಬ್ರೈಡಿಯಮ್ಮ ಮಾಡಿಕೊಂಡಳು. ಬ್ರೈಡಿಯಮ್ಮನಿಗೂ ಅದು ಹಿಡಿಸಿತು. ಅವಳ ಮನೆಯಲ್ಲಿ ಸೋಫಾದ ಯಜಮಾನಿಕೆ ಎರಡು ನಾಯಿಗಳದು. ಒಂದು ನೋರಾ, ಕೆಂಗೂದಲಿನ ಮುದಿ ಸೆಟರ್, ನಡಿಗೆ ನಿಧಾನ, ಕಣ್ಣು ದೊಡ್ಡದು. ಇನ್ನೊಂದು ಡಾರ್ಬಿ, ಮೊಣಕಾಲೆತ್ತರದ ಟೆರಿಯರ್, ಅದಕ್ಕೆ ಊರ ಉಸಾಬರಿಯೆಲ್ಲ ಬೇಕು.

ಸೆಪ್ಟೆಂಬರ್ ಬಂದು ಚಳಿ ಬಿಟ್ಟಿತೆಂದರೆ ಬ್ರೈಡಿಯಮ್ಮನ ಹಿತ್ತಿಲ ಬಾಗಿಲು ಮುಚ್ಚುವುದೆಂಬುದೇ ಇಲ್ಲ. ನಾಯಿಗಳ ಕಂಬಳಿಗಳನ್ನೆಲ್ಲ ಒಗೆದು ತಂತಿಗೆ ಹರವುತ್ತಾಳೆ. ಷೇಮಸ್ ಆಲೂಗಡ್ಡೆ ಬಿತ್ತುತ್ತಾನೆ. ಡಾರ್ಬಿ ಹಿಂದಿನಿಂದ ಬಂದು ಅದನ್ನು ಕೆದರಿ ತೆಗೆಯುತ್ತದೆ. ಷೇಮಸ್ ಬೈಯುತ್ತ ಮತ್ತೆ ಬಿತ್ತುತ್ತಾನೆ. ಮೇಲೆರಗಿ ಕುಕ್ಕುವ ಮ್ಯಾಗ್‌ಪೈ ಹಕ್ಕಿ ಗೂಡು ಕಟ್ಟಿರುವ ಮರದ ಕೆಳಗೆ ಮಾತ್ರ ಡಾರ್ಬಿಯೂ ಬಾಲ ಮಡಚಿಕೊಂಡು ಹೋಗುತ್ತದೆ. ನಾಲ್ಕು ಗಂಟೆಗೆ ಸರಿಯಾಗಿ, ಉಣ್ಣೆಯ ಟೋಪಿ ಹಾಕಿಕೊಂಡ ಟೀ ಪಾಟ್ ವರಾಂಡದ ಮೇಜಿಗೆ ಬರುತ್ತದೆ. ಜೊತೆಗೆ ಬಿಸಿ ಬಿಸಿ ಸೋಡಾ ಬ್ರೆಡ್, ಮೇಲೆ ಧಾರಾಳವಾಗಿ ಬೆಣ್ಣೆ.

ಪಕ್ಕದ ಥಾರ್ನ್ಲಿಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬೆಳಗಿನ ಕೆಲಸ ಮುಗಿಸಿ ಬರುವ ಜಯಲಕ್ಷ್ಮಿಗೆ ಸಂಜೆ ಈ ಟೀ ಸಿಗದಿದ್ದರೆ ಏನೋ ಕಳಕೊಂಡ ಹಾಗೆ. ಮೊದಮೊದಲು ನಾಯಿ ತಾಕೀತೆಂದು ಕುರ್ಚಿಯ ಮೇಲೆ ಕಾಲು ಮಡಚಿ ಕೂರುತ್ತಿದ್ದಳು. ಆ ಬ್ರೆಡ್ಡಿನ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸುತ್ತಾರೆಂದು ತಿಳಿದ ದಿನ ಬ್ರೈಡಿಯಮ್ಮ ಅವಳಿಗೆ ಅರ್ಧ ನಮ್ಮವಳೇ ಆಗಿಬಿಟ್ಟಳು. ಮುಂದೊಂದು ವಸಂತದಲ್ಲಿ ಕಾಲು ಕೆಳಗೆ ಬಂತು. ಅದರ ಮುಂದಿನ ವರ್ಷ ನೋರಾ ಬಂದು ಆ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಜಯಲಕ್ಷ್ಮಿ ಅದನ್ನು ಸರಿಸಲಿಲ್ಲ. ಮನೆಗೆ ಬಂದು ಸ್ನಾನ ಮಾಡಿದಳು, ಅಷ್ಟೆ. ಆ ಗದ್ದದ ಬಿಸಿ ಅವಳಿಗೆ ಹಿತವಾಗಿತ್ತು. ಹಾಗೆಂದು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಈ ಸಲ ಗೋಕುಲಾಷ್ಟಮಿ ಸೆಪ್ಟೆಂಬರಿನಲ್ಲೇ ಬಿತ್ತು. ಅದೇ ವಾರ ಬ್ರಿಸ್ಬೇನ್‌ನಲ್ಲಿರುವ ಬ್ರೈಡಿಯಮ್ಮನ ಮಗ ತನ್ನ ಮಗುವಿಗೆ ಚರ್ಚಿನಲ್ಲಿ ಹೆಸರಿಡುವ ಶಾಸ್ತ್ರ ಇಟ್ಟುಕೊಂಡಿದ್ದ. ಹೋಗಲೇಬೇಕು. ಆದರೆ ನೋರಾಳನ್ನು ಎಲ್ಲಿ ಬಿಡುವುದು? ಹಿಂದೊಮ್ಮೆ ನಾಯಿಗಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಬಿಟ್ಟಾಗ ಅದು ಅನ್ನನೀರು ಬಿಟ್ಟು ಮೂಳೆ ಚಕ್ಕಳವಾಗಿತ್ತು.

"ನಾನಿಲ್ವಾ?" ಎಂದಳು ಜಯಲಕ್ಷ್ಮಿ. "ನಿಮ್ಮನೇಲೇ ಇರಲಿ. ನಾನು ಮೂರು ಹೊತ್ತೂ ಬಂದು ಊಟ ಹಾಕ್ತೀನಿ."

ಬ್ರೈಡಿಯಮ್ಮ ಮನೆಯ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟಳು. "ಅವಳು ಊಟ ಮಾಡಿದ್ರೆ ಸಾಕು ಜಯಾ. ಈ ವಯಸ್ಸಲ್ಲಿ ಇನ್ನೊಂದು ಸಲ ಹಾಗೆ ಸೊರಗಿದ್ರೆ ಮತ್ತೆ ಏಳಲ್ಲ."

ಅವರು ಹೋದ ದಿನವೇ ನೋರಾ ಬಟ್ಟಲಿಗೆ ಬೆನ್ನು ತಿರುಗಿಸಿ ಮಲಗಿತು. ಡಾರ್ಬಿ ತನ್ನದನ್ನೂ ಅದರದನ್ನೂ ಮುಗಿಸಿ ಬಾಯಿ ಚಪ್ಪರಿಸಿತು. ಮಾರನೆಯ ದಿನ ಜಯಲಕ್ಷ್ಮಿ ಡಾರ್ಬಿಯನ್ನು ಲಾಂಡ್ರಿಯಲ್ಲಿ ಕೂಡಿಹಾಕಿ, ನೋರಾಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಚಿಕ್ಕಂದಿನಲ್ಲಿ ಪೂರ್ವಿಯನ್ನು ಪುಸಲಾಯಿಸಿದ ಹಾಗೆ ಪುಸಲಾಯಿಸಿದಳು. "ಒಂದೇ ಒಂದು ತುತ್ತು, ಚಿನ್ನ." ನೋರಾ ಕಣ್ಣೆತ್ತಿ ನೋಡಿ ಬಾಗಿಲ ಕಡೆ ಮುಖ ಮಾಡಿತು.

ಅಷ್ಟಮಿ ಶುಕ್ರವಾರ. ಅಂದು ರಮಾಕಾಂತನಿಗೆ ಮನೆಯಿಂದಲೇ ಕೆಲಸ. ಜಯಲಕ್ಷ್ಮಿ ಎದ್ದು ತಲೆಗೆ ಸ್ನಾನ ಮಾಡಿ, ಮಡಿಯುಟ್ಟು, ಉಪವಾಸದಲ್ಲೇ ಚಕ್ಕುಲಿ ಕರಿದಳು, ಅವಲಕ್ಕಿ ಕಲಸಿದಳು, ತುಪ್ಪದಲ್ಲಿ ಹುರಿದ ಗೋಡಂಬಿ ದ್ರಾಕ್ಷಿ ಹಾಕಿ ರವೆ ಉಂಡೆ ಕಟ್ಟಿದಳು. ಮುಂಬಾಗಿಲಿನಿಂದ ದೇವರ ಮನೆಯವರೆಗೆ ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪುಟ್ಟ ಪುಟ್ಟ ಹೆಜ್ಜೆ ಬಿಡಿಸಿದಳು. ಮನೆಯೆಲ್ಲ ತುಪ್ಪದ ಘಮ. ರಮಾಕಾಂತ್ ಲ್ಯಾಪ್‌ಟಾಪ್ ಬಿಟ್ಟು ಅಡುಗೆಮನೆಗೆ ಬಂದು ಇಣುಕಿದ.

"ಜಯಾ, ಒಂದು ಉಂಡೆ. ಸಕ್ಕರೆ ಸರಿ ಇದೆಯಾ ನೋಡ್ತೀನಿ."

"ನೈವೇದ್ಯ ಆಗೋವರೆಗೂ ಯಾರಿಗೂ ಇಲ್ಲ ರೀ. ರಾತ್ರಿ ಚಂದ್ರನಿಗೆ ಅರ್ಘ್ಯ ಕೊಟ್ಟಾದ ಮೇಲೆ."

ಅವನು ಪೆಚ್ಚುಮೋರೆ ಹಾಕಿಕೊಂಡು ಹೋದ. ಇಷ್ಟು ಖಡಾಖಂಡಿತವಾಗಿ ಹೇಳಿದವಳು ಸ್ವಲ್ಪ ಹೊತ್ತಿಗೆಲ್ಲ ಏನು ಮಾಡಿದಳು ಗೊತ್ತೆ? ಎರಡು ಉಂಡೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗಂಡನ ಕಣ್ಣು ತಪ್ಪಿಸಿ, ಬೇಲಿಯ ಪಕ್ಕದ ಗೇಟು ದಾಟಿದಳು. ದೇವರಿಗೆ ತೋರಿಸದೆ ಒಂದು ಗೋಡಂಬಿ ಚೂರನ್ನೂ ಬಾಯಿಗೆ ಹಾಕಿಕೊಂಡವಳಲ್ಲ. ನೋಡಿದವರು ನೋಡಲಿ, ಕೃಷ್ಣನ ಹತ್ತಿರ ಆಮೇಲೆ ಮಾತಾಡಿಕೊಳ್ಳುತ್ತೇನೆ ಎಂದುಕೊಂಡಳು.

ಮೈಸೂರಿನ ಅವಳ ತವರಿನಲ್ಲಿ ನಾಯಿಗೆ ಹಾಕಬಾರದ್ದು ಎಂಬುದೇ ಇರಲಿಲ್ಲ. ಅಮ್ಮ ದಿನವೂ ಕಾಂಪೌಂಡಿನ ಮೂಲೆಯಲ್ಲಿ ಬೀದಿನಾಯಿಗೆ ಅನ್ನ ಹಾಕುತ್ತಿದ್ದಳು. ಹಬ್ಬದ ದಿನ ಹೋಳಿಗೆ, ಪಾಯಸ, ಮಿಕ್ಕಿದ್ದೆಲ್ಲ ಅದಕ್ಕೇ. ಮುಟ್ಟುವ ಹಾಗಿರಲಿಲ್ಲ, ಆದರೆ ಹಸಿದಿರಲು ಬಿಡುವ ಹಾಗೂ ಇರಲಿಲ್ಲ.

ಜಯಲಕ್ಷ್ಮಿ ಡಾರ್ಬಿಯನ್ನು ಮತ್ತೆ ಲಾಂಡ್ರಿಗೆ ಹಾಕಿ, ಉಂಡೆಯನ್ನು ಪುಡಿ ಮಾಡಿ ಹಾಲಿನಲ್ಲಿ ಕಲಸಿ ಅಂಗೈಯಲ್ಲೇ ಹಿಡಿದಳು. ನೋರಾ ಮೂಗು ಅರಳಿಸಿತು. ಒಮ್ಮೆ ನೆಕ್ಕಿತು. ಆಮೇಲೆ ತಿಂದಿತು, ಎರಡನ್ನೂ ತಿಂದಿತು, ಅಂಗೈಯ ಒಂದು ಗೆರೆಯನ್ನೂ ಬಿಡದೆ ನೆಕ್ಕಿತು. ಜಯಲಕ್ಷ್ಮಿಗೆ ಸ್ವರ್ಗ ಸಿಕ್ಕ ಹಾಗಾಯಿತು.

ಮನೆಗೆ ಬಂದು ಮತ್ತೆ ಸ್ನಾನ ಮಾಡಿ, ಬೇರೆ ಮಡಿಸೀರೆ ಉಟ್ಟು ಬರುವಷ್ಟರಲ್ಲಿ ಬ್ರೈಡಿಯಮ್ಮನ ವಿಡಿಯೋ ಕಾಲ್ ಬಂತು. ಜಯಲಕ್ಷ್ಮಿ ಹೆಮ್ಮೆ ತಡೆಯಲಾರದೆ, ಹಲೋ ಅನ್ನುವುದಕ್ಕೂ ಮೊದಲೇ, "ತಿಂದಳು ಬ್ರೈಡಿಯಮ್ಮ. ನನ್ನ ಕೈಯಿಂದಾನೇ ತಿಂದಳು. ಎರಡು," ಎಂದಳು.

"ಏನನ್ನ ಎರಡು?"

ಜಯಲಕ್ಷ್ಮಿ ತಟ್ಟೆಯನ್ನೇ ಎತ್ತಿ ಫೋನಿಗೆ ತೋರಿಸಿದಳು. ಬ್ರೈಡಿಯಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಅವಳ ಮುಖ ಇಳಿಯಿತು.

"ಆ ಕಂದು ಬಣ್ಣದ್ದು ಏನು ಜಯಾ?"

"ದ್ರಾಕ್ಷಿ. ಒಣದ್ರಾಕ್ಷಿ."

ಬ್ರೈಡಿಯಮ್ಮ ಬಹಳ ಮೆತ್ತಗೆ ಹೇಳಿದಳು, "ಒಣದ್ರಾಕ್ಷಿ ನಾಯಿಗೆ ವಿಷ, ಜಯಾ. ಕಿಡ್ನಿ ಕೆಡುತ್ತೆ. ಈಗಿಂದೀಗ್ಲೇ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗು."

ಜಯಲಕ್ಷ್ಮಿಯ ಕೈಯಿಂದ ತಟ್ಟೆ ಜಾರಿತು. ಉಂಡೆಗಳು ಕೃಷ್ಣನ ಹೆಜ್ಜೆಗಳ ಮೇಲೆಲ್ಲ ಉರುಳಿದವು. ಸದ್ದು ಕೇಳಿ ಓಡಿಬಂದ ರಮಾಕಾಂತನಿಗೆ, "ಕಾರ್ ತೆಗೀರಿ. ನಾನು ನೋರಾಗೆ ವಿಷ ಹಾಕ್ಬಿಟ್ಟೆ," ಎಂದಷ್ಟೇ ಹೇಳಿ ಅವಳು ಪಕ್ಕದ ಮನೆಗೆ ಓಡಿದಳು. ಅಷ್ಟು ದೊಡ್ಡ ನಾಯಿಯನ್ನು ಗಂಡಹೆಂಡತಿ ಇಬ್ಬರೂ ಹೊತ್ತು ತಂದು ಹಿಂದಿನ ಸೀಟಿಗೆ ಹತ್ತಿಸಿದರು. ಜಯಲಕ್ಷ್ಮಿ ಪಕ್ಕದಲ್ಲೇ ಕೂತು ನೋರಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮಡಿಸೀರೆಯ ಮೇಲೆ ಜೊಲ್ಲು ಸುರಿಯುತ್ತಿತ್ತು. ಕನ್ನಡಿಯಲ್ಲಿ ಅದನ್ನು ನೋಡಿದ ರಮಾಕಾಂತ್ ಕಾರಿನ ವೇಗ ಹೆಚ್ಚಿಸಿದ.

ಥಾರ್ನ್ಲಿಯ ಪಶುವೈದ್ಯೆ ಪೂರ್ವಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ಒಳಗೆ ಕರೆದುಕೊಂಡು ಹೋಗಿ ವಾಂತಿ ಮಾಡಿಸಿ ಬಂದಳು. "ಬೇಗ ತಂದ್ರಿ, ಒಳ್ಳೇದಾಯ್ತು. ದ್ರಾಕ್ಷಿ ಎಲ್ಲ ಆಚೆ ಬಂದ ಹಾಗಿದೆ. ಆದ್ರೆ ಕಿಡ್ನಿ ವಿಷಯ ಈಗಲೇ ಹೇಳೋಕಾಗಲ್ಲ. ಸೋಮವಾರ ರಕ್ತ ನೋಡೋಣ. ಅಲ್ಲೀತನಕ ಯಾರಾದ್ರೂ ಹತ್ತಿರಾನೇ ಇರಬೇಕು. ನೀರು ಕುಡೀತಾ ಇರಲಿ."

ಸಂಜೆ ಕಾರು ಮನೆಯ ಮುಂದೆ ನಿಂತಾಗ ರಮಾಕಾಂತ್ ಕೇಳಿದ, "ಅವರ ಮನೇಲಿ ಮಲಗಿಸೋಣ್ವಾ? ನಾನು ಅಲ್ಲೇ ಇರ್ತೀನಿ."

"ಹತ್ತಿರ ಇರಬೇಕಾದವಳು ನಾನು," ಎಂದಳು ಜಯಲಕ್ಷ್ಮಿ. "ಪೂಜೆ ಬಿಟ್ಟು ನಾನು ಅಲ್ಲಿ ಕೂರೋಕಾಗಲ್ಲ. ಅವಳನ್ನ ಬಿಟ್ಟು ಇಲ್ಲಿ ಕೂರೋಕೂ ಆಗಲ್ಲ. ಬಾಗಿಲು ತೆಗೀರಿ."

ಹೀಗೆ ಆ ಮನೆಯ ಕಾನೂನು ಮುರಿಯಿತು. ನೋರಾ ಹೊಸ್ತಿಲು ದಾಟಿ, ಅಕ್ಕಿಹಿಟ್ಟಿನ ಹೆಜ್ಜೆಗಳ ಮೇಲೇ ತನ್ನ ಹೆಜ್ಜೆ ಊರುತ್ತ, ನಿಧಾನಕ್ಕೆ ನಡೆದು, ದೇವರ ಮನೆಯ ಎದುರಿಗೆ ದೊಪ್ಪನೆ ಮಲಗಿತು. ಜಯಲಕ್ಷ್ಮಿ ಒಳ್ಳೆಯ ಕಂಬಳಿಯನ್ನೇ ತಂದು ಹಾಸಿದಳು. ಪಕ್ಕದ ಮನೆಯಲ್ಲಿ ಒಂಟಿಯಾದ ಡಾರ್ಬಿ ಬೊಗಳಿ ಬೊಗಳಿ ಬೀದಿಯನ್ನೆಲ್ಲ ಎಬ್ಬಿಸಿದ್ದರಿಂದ ಅದನ್ನೂ ಕರೆತರಬೇಕಾಯಿತು. ಬಂದದ್ದೇ ಉರುಳಿದ್ದ ಉಂಡೆಗಳಿಗಾಗಿ ಹುಡುಕಿತು. ಪುಣ್ಯಕ್ಕೆ ರಮಾಕಾಂತ್ ಅದಕ್ಕೆ ಮೊದಲೇ ಪೊರಕೆ ಹಿಡಿದು ಗುಡಿಸಿದ್ದ. ಆ ಸಂಜೆ ಅವಳು ದೇವರ ಮುಂದೆ ಕೂತು ಬೇಡಿಕೊಂಡದ್ದು ಒಂದನ್ನೇ. ಬೇಡುತ್ತ ಒಂದು ಕೈ ನೋರಾಳ ಬೆನ್ನ ಮೇಲೇ ಇತ್ತು.

ಭಾನುವಾರ ಬ್ರೈಡಿಯಮ್ಮ ಷೇಮಸ್ ಬಂದಿಳಿದರು. ನಾಯಿಗಳನ್ನು ತಬ್ಬಿಕೊಂಡರು, ಥ್ಯಾಂಕ್ಸ್ ಹೇಳಿದರು, ದಣಿದಿದ್ದೇವೆಂದು ಒಳಗೆ ಹೋದರು. ಅಷ್ಟೇ. ಜಯಲಕ್ಷ್ಮಿ ಬೀಗದ ಕೈಯನ್ನು ಅವರ ವರಾಂಡದ ಮೇಜಿನ ಮೇಲಿಟ್ಟು ತಲೆ ತಗ್ಗಿಸಿಕೊಂಡು ಬಂದಳು. ಸೋಮವಾರ ರಕ್ತಪರೀಕ್ಷೆಯಲ್ಲಿ ಏನೂ ತೊಂದರೆಯಿಲ್ಲವೆಂದು ಬಂತು. ಬ್ರೈಡಿಯಮ್ಮ ಮೆಸೇಜ್ ಕಳಿಸಿದಳು. ಜಯಲಕ್ಷ್ಮಿ ಅದನ್ನು ಓದಿ ಅಡುಗೆಮನೆಯಲ್ಲಿ ನಿಂತು ಮನಸಾರೆ ಅತ್ತಳು. ಆದರೂ ನಾಲ್ಕು ಗಂಟೆಗೆ ಟೀಗೆ ಹೋಗಲಿಲ್ಲ. ಮಾರನೆಯ ದಿನವೂ ಇಲ್ಲ. ನಂಬಿ ಕೊಟ್ಟ ಜೀವಕ್ಕೆ ವಿಷ ಹಾಕಿದವಳು ಯಾವ ಮುಖ ಹೊತ್ತು ಹೋಗಿ ಬೆಣ್ಣೆ ಬ್ರೆಡ್ ತಿನ್ನಬೇಕು? ಬೇಲಿಯಾಚೆ ಕಪ್ಪು ಬಸಿಗಳ ಸದ್ದು ಕೇಳಿದಾಗ ಟಿವಿಯ ಶಬ್ದ ಜಾಸ್ತಿ ಮಾಡಿದಳು.

ಬುಧವಾರ ಮುಂಬಾಗಿಲನ್ನು ಯಾರೋ ಕೆರೆದ ಸದ್ದಾಯಿತು. ತೆಗೆದರೆ ಹೊಸ್ತಿಲ ಆಚೆ ನೋರಾ ಕೂತಿತ್ತು. ಹಿಂದೆ ಏದುಸಿರು ಬಿಡುತ್ತ ಬ್ರೈಡಿಯಮ್ಮ.

"ಎರಡು ದಿನದಿಂದ ನಾಲ್ಕು ಗಂಟೆ ಆದ್ರೆ ಗೇಟ್ ಹತ್ತಿರ ಹೋಗಿ ಕೂರ್ತಾಳೆ. ಇವತ್ತು ನನ್ನನ್ನೇ ಎಳ್ಕೊಂಡು ಬಂದ್ಲು. ಟೀ ಆರ್ತಾ ಇದೆ ಜಯಾ."

"ನಿಮಗೆ ನನ್ನ ಮೇಲೆ ಕೋಪ ಇಲ್ವಾ?"

"ಆವತ್ತು ಬಹಳ ಇತ್ತು," ಎಂದಳು ಬ್ರೈಡಿಯಮ್ಮ. "ವಿಮಾನದಲ್ಲೂ ಇತ್ತು. ಆಮೇಲೆ ಯೋಚನೆ ಮಾಡ್ದೆ. ಬೇರೆ ಯಾರೇ ಆಗಿದ್ರೂ ನನಗೆ ಹೇಳ್ತಾನೇ ಇರಲಿಲ್ಲ. ನೀನು ಹೇಳಿದ್ದಕ್ಕೆ ಅವಳು ಉಳಿದ್ಲು."

"ನಾನು ತಪ್ಪೊಪ್ಪಿಕೊಳ್ಳೋಕೆ ಹೇಳಿದ್ದಲ್ಲ ಬ್ರೈಡಿಯಮ್ಮ. ಜಂಬ ಕೊಚ್ಚಿಕೊಳ್ಳೋಕೆ ಹೇಳಿದ್ದು."

ಬ್ರೈಡಿಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಜಯಲಕ್ಷ್ಮಿಗೂ ನಗು ತಡೆಯಲಾಗಲಿಲ್ಲ. ಬ್ರೈಡಿಯಮ್ಮ ಏಪ್ರನ್ನಿನ ಜೇಬಿನಿಂದ ಅದೇ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟು, "ಇದನ್ನ ನೀನು ಬಿಟ್ಟು ಹೋಗಿದ್ದೆ," ಎಂದಳು. ಅಷ್ಟರಲ್ಲಿ ನೋರಾ ಇಬ್ಬರ ನಡುವೆ ನುಸುಳಿ, ಯಾರನ್ನೂ ಕೇಳದೆ ಒಳಗೆ ಹೋಗಿ, ದೇವರ ಮನೆಯ ಎದುರಿನ ತನ್ನ ಜಾಗದಲ್ಲಿ ಮಲಗಿತ್ತು. ಅಲ್ಲಿ ಕಂಬಳಿ ಇನ್ನೂ ಹಾಸಿಯೇ ಇತ್ತು.

ಮುಂದಿನ ವಾರ ಗಣೇಶನ ಹಬ್ಬಕ್ಕೆ ಅಡಿಲೇಡ್‌ನಿಂದ ವಾರಗಿತ್ತಿ ಉಷಾ ಬಂದಿದ್ದಳು. ಜಯಲಕ್ಷ್ಮಿ ಸ್ಟೌವ್ ಮುಂದೆ ನಿಂತು ಮತ್ತೆ ರವೆ ಉಂಡೆಗೆ ಹುರಿಯುತ್ತಿದ್ದಳು. ಉಷಾ ಪಕ್ಕದಲ್ಲಿ ನಿಂತು, ತುಪ್ಪದಲ್ಲಿ ಬರೀ ಗೋಡಂಬಿ ಕೆಂಪಾಗುವುದನ್ನು ನೋಡಿದಳು. ಬಾಗಿಲ ಹೊರಗೂ ಒಳಗೂ ಎಲ್ಲೂ ನಾಯಿ ಇರಲಿಲ್ಲ. ಎರಡೂ ಬೇಲಿಯಾಚೆ ಬಿಸಿಲು ಕಾಯಿಸುತ್ತಿದ್ದವು.

"ಅಕ್ಕ, ದ್ರಾಕ್ಷಿ ಮರೆತ್ರಿ."

"ಮರೆತಿಲ್ಲ ಕಣೇ," ಎಂದಳು ಜಯಲಕ್ಷ್ಮಿ ಸೌಟು ಆಡಿಸುತ್ತ. "ಮನೇಲಿ ನಾಯಿ ಇದೆಯಲ್ಲ."