ಚಿಲಕವಿಲ್ಲದ ಮನೆಯ ಬೇಳೆ

ನಮ್ಮ ಮನೆಯಲ್ಲಿ ಯಾವ ಬಾಗಿಲಿಗೂ ಚಿಲಕವಿಲ್ಲ. ಬಚ್ಚಲಿಗೂ ಇಲ್ಲ. ನಿಲಂಗಾದಿಂದ ಉದಗೀರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸ್ನಾನಕ್ಕೆ ಹೋದರೆ ಹಾಡುತ್ತಲೇ ಇರಬೇಕು, ಇಲ್ಲವಾದರೆ ಯಾರಾದರೂ ಒಳಗೆ ಬಂದಾರು. ಬೇಳೆ ತುಂಬಿದ ಗೋದಾಮಿನ ಬಾಗಿಲನ್ನೂ ಮಾವ ಬಸವಣ್ಣೆಪ್ಪನವರು ಸೆಣಬಿನ ಸುತಳಿಯಿಂದಲೇ ಕಟ್ಟುತ್ತಾರೆ. ತೊಂಬತ್ತಮೂರರ ಭೂಕಂಪದಲ್ಲಿ, ಆಗ ಇವರಿದ್ದ ಲೋಹಾರಾ ಕಡೆಯ ಹಳ್ಳಿಯ ಕಲ್ಲಿನ ಮನೆ ಕುಸಿದು ಅತ್ತೆ ಉಮಾಬಾಯಿ ತೀರಿಕೊಂಡರಂತೆ. ಆಮೇಲೆ ಮಾವ ಹೀಗಾದರು. ಇಷ್ಟು ಮಾತ್ರ ನನ್ನ ಗಂಡ ಮನೋಜನಿಗೆ ಗೊತ್ತು. ಅವನು ಆಗ ಚಿಕ್ಕವನು, ಸೋದರಮಾವನ ಮನೆಯಲ್ಲಿದ್ದ. ಹೆಚ್ಚು ಕೇಳುವ ಧೈರ್ಯ ನಮ್ಮಿಬ್ಬರಿಗೂ ಬಂದಿರಲಿಲ್ಲ.

ಕಂಟೇನರಿನ ಹುಚ್ಚು ಹತ್ತಿದ್ದು ನನಗೆ. ನಮ್ಮ ತೊಗರಿ ಬೇಳೆ ಲಾರಿಯಲ್ಲಿ ಗುವಾಹಟಿ ಮುಟ್ಟುವಷ್ಟರಲ್ಲಿ ಮೇಲೆ ಹೊದಿಸಿದ ತಾಡಪತ್ರಿ ಹರಿದು ಚೀಲ ಮಳೆಗೆ ನೆನೆದಿರುತ್ತಿತ್ತು. ಸೀಲು ಹಾಕಿದ ಕಂಟೇನರಿನಲ್ಲಿ ರೈಲಿನ ಮೇಲೆ ಕಳಿಸಿದರೆ ಮಾತ್ರ ಇನ್ನು ಕೊಳ್ಳುತ್ತೇನೆಂದು ಅಲ್ಲಿಯ ವ್ಯಾಪಾರಿ ಖಂಡಿತವಾಗಿ ಹೇಳಿಬಿಟ್ಟ. ಇಡೀ ಕಂಟೇನರ್ ತುಂಬುವಷ್ಟು ಮಾಲು ನಮ್ಮಂಥ ಸಣ್ಣ ಮಿಲ್ಲಿನವರಲ್ಲಿ ಒಂದೇ ಸಲ ಎಲ್ಲಿಂದ ಬರಬೇಕು? ಎಲ್ಲರ ಮಾಲು ಕೂಡಿಸಲು ಉಮರಗಾ, ಮುರುಮ, ನಿಲಂಗಾ ಎಂದು ಮಿಲ್ಲಿನಿಂದ ಮಿಲ್ಲಿಗೆ ತಿರುಗಿದೆ. ಆ ಊರುಗಳಿಗೆ ರೈಲೇ ಇಲ್ಲ. ಉದಗೀರದ ತನಕ ಟೆಂಪೋದಲ್ಲಿ ತನ್ನಿ, ಮುಂದಿನದು ಈ ಮಂಗಲಾಗೆ ಬಿಡಿ ಎಂದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅಲ್ಲವೇ? ಮುರುಮದ ವಿಶ್ವನಾಥಪ್ಪ ಮಾತ್ರ, ಹೆಂಗಸಿನ ಮಾತು ಕೇಳಿ ಬೇಳೆಯನ್ನು ಕಬ್ಬಿಣದ ಪೆಟ್ಟಿಗೆಗೆ ತುಂಬಬೇಕೇ ಎಂದು ಮೂಗು ಮುರಿದರು. ಕೊನೆಗೆ, ಬಸವಣ್ಣೆಪ್ಪ ಸಾವುಕಾರರು ಖುದ್ದು ನಿಂತು ಸೀಲು ಹಾಕಿಸಿದರೆ ಕೊಡುತ್ತೇನೆ ಎಂದರು. ಮಾವ ಹೂಂ ಎಂದರು. ಸುತಳಿಯ ಗಂಟಿನ ಮೇಲೆ ಅರಗು ಒತ್ತುತ್ತಾರೆ ಎಂದು ಅವರ ಲೆಕ್ಕ. ಹಳೆಯ ಕಾಲದ ಪಾರ್ಸಲ್ಲು ಅವರ ತಲೆಯಲ್ಲಿತ್ತು.

ಮಾಲು ಕಳಿಸುವ ದಿನ ಉದಗೀರ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಹಮಾಲರು ಮಧ್ಯಾಹ್ನಕ್ಕೇ ಚೀಲ ಏರಿಸಿ ಮುಗಿಸಿದ್ದರು. ಬೇಳೆ ಭಾರದ ಮಾಲು. ತೂಕದ ಮಿತಿ ಮುಟ್ಟಿದರೂ ಬಾಗಿಲ ಬಳಿ ಒಬ್ಬರು ನಿಲ್ಲುವಷ್ಟು ಜಾಗ ಉಳಿಯಿತು. ಮಾವ ಕದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಕಿಸೆಯಿಂದ ಸುತಳಿ ತೆಗೆದು ಕಟ್ಟಿದರು. ರೈಲ್ವೆ ಗುಮಾಸ್ತ ನಕ್ಕ. ಬೆರಳ ಗಾತ್ರದ ಕಬ್ಬಿಣದ ಸೀಲನ್ನು ಮುಂದೆ ಹಿಡಿದು, ಇದನ್ನು ಹಾಕಿದ ಮೇಲೆ ಕತ್ತರಿಸದೆ ಈ ಬಾಗಿಲು ತೆರೆಯುವುದಿಲ್ಲ ಎಂದ. ಮಾವ ಕದಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟರು.

ಸೀಲಿಲ್ಲದ ಕಂಟೇನರನ್ನು ಸಂಜೆಯ ಗಾಡಿಗೆ ಏರಿಸುವುದಿಲ್ಲ ಎಂದು ಗುಮಾಸ್ತ. ಹಾಗಾದರೆ ನನ್ನ ಚೀಲ ಇಳಿಸಿ ಎಂದು ವಿಶ್ವನಾಥಪ್ಪ. ಅವರು ಇಳಿಸಿದರೆ ಉಳಿದವರೂ ಇಳಿಸುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬರದಂತಾಗಿ ನನಗೆ ತಡೆಯಲಾಗಲಿಲ್ಲ. ಒಳಗಿರುವುದು ಬೇಳೆ, ಮನುಷ್ಯರಲ್ಲ ಎಂದು ಮಾವನ ಮೇಲೆ ಎಲ್ಲರೆದುರಿಗೆ ರೇಗಿದೆ.

ಅವರು ನೆಲ ನೋಡುತ್ತ ಹೇಳಿದರು: "ಅವತ್ತ ಮುರುಮ ಬಾಜಾರಕ್ಕಂತ ನಸುಕಿನ್ಯಾಗ ಗಾಡಿ ಹೂಡಿದ್ದೆ. ಆಕಿ ಮಲಗಿದ್ಳು. ಎಬ್ಬಸೂದು ಬ್ಯಾಡಂತ ಹೊರಗಿನ ಚಿಲಕ ನಾನೇ ಹಾಕಿ ಹೋದೆ. ಭೂಮಿ ನಡುಗಿತು, ಓಡಿ ಬಂದೆ. ಮಾಳಿಗಿ ಕುಸಿದು ಕದ ಸಿಕ್ಕೊಂಡಿತ್ತು, ಚಿಲಕ ಸರೀಲಿಲ್ಲ. ಬೆಳಕ ಹರಿಯೂತನಕ ಆಕಿ ಒಳಗಿಂದ ಬಡೀತಿದ್ಳು, ಮಂಗಲಾ. ಆಮ್ಯಾಲ ಬಡೀಲಿಲ್ಲ."

ಹಮಾಲರು ಬೀಡಿ ಕೆಳಗಿಟ್ಟರು. ಬಚ್ಚಲಲ್ಲಿ ಹಾಡುತ್ತ ಹಾಡುತ್ತ ನಾನು ಇಷ್ಟು ವರ್ಷ ಬೈದುಕೊಂಡದ್ದು ಈ ಮನುಷ್ಯನನ್ನು. ಸಮಾಧಾನದ ಮಾತು ನನ್ನ ಬಾಯಿಗೆ ಬರುವುದಿಲ್ಲ, ಹುಟ್ಟಿದ್ದೇ ಹಾಗೆ. ಮಾವನನ್ನು ಪಕ್ಕಕ್ಕೆ ಸರಿಸಿ, ಸುತಳಿ ಬಿಚ್ಚಿ ಕಂಟೇನರಿನೊಳಗೆ ಹತ್ತಿದೆ.

"ಮಾಮಾ, ಕದಾ ಹಾಕ್ರಿ," ಎಂದೆ. "ನಾ ಬಡದ ಕೂಡಲೆ ತೆಗೀರಿ."

ಗುಮಾಸ್ತ ಕಾಯಿದೆ ಹೇಳತೊಡಗಿದ. ವಿಶ್ವನಾಥಪ್ಪನವರೇ ಅವನನ್ನು ಸುಮ್ಮನಿರಿಸಿದರು. ಮಾವ ನನ್ನ ಮುಖವನ್ನೇ ನೋಡುತ್ತ ಕದಕ್ಕೆ ಕೈ ಹಚ್ಚಿದರು. ಕದ ಮುಚ್ಚಿತು, ಹೊರಗಿನ ಸಲಾಕೆ ಬಿತ್ತು.

ಒಳಗೆ ಕಣ್ಣಿಗೆ ಕೈ ಕಾಣದ ಕತ್ತಲೆ, ಧಗೆ, ಗಂಟಲಿಗೆ ಬೇಳೆಯ ದೂಳು. ಒಳಗಿನಿಂದ ಹಿಡಿಯಲು ಹಿಡಿಕೆಯೂ ಇಲ್ಲ. ಸುಳ್ಳೇಕೆ ಹೇಳಲಿ, ಹೆದರಿದೆ. ಅತ್ತೆಯ ಮುಖವನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದು. ಆ ಕತ್ತಲಲ್ಲಿ ಅವರು ಪಕ್ಕದಲ್ಲೇ ಇದ್ದಂತಿತ್ತು. ಬಡಿದೆ. ಹೊರಗೆ ಸದ್ದಿಲ್ಲ. ಇನ್ನೊಮ್ಮೆ, ಎರಡೂ ಕೈಯಿಂದ ಬಡಿದೆ. ಸಲಾಕೆ ಗಡಗಡ ಎಂದಿತು, ಸಿಕ್ಕಿಕೊಂಡಿತು, ಮತ್ತೆ ಎಳೆದ ಸದ್ದು. ಬೆಳಕು ಬಂತು.

"ಬಾ ಅವ್ವಾ, ಹೊರಗ ಬಾ," ಎಂದು ಮಾವ ನನ್ನ ಎರಡೂ ಕೈ ಹಿಡಿದುಕೊಂಡರು. ಹಮಾಲರೆದುರಿಗೆ, ಮಿಲ್ಲಿನವರೆದುರಿಗೆ, ಮುಖ ಮುಚ್ಚಿಕೊಳ್ಳದೆ ಅತ್ತರು. ನಾನೂ ಅತ್ತೆ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಸೀಲು ಕೇಳಿ ಇಸಿದುಕೊಂಡು, ಕದ ಮುಚ್ಚಿ, ಸಲಾಕೆಗೆ ಒತ್ತಿ ಕೂಡಿಸಿದರು. ಆಮೇಲೆ ಕದವನ್ನು ಮೆಲ್ಲಗೆ ಬಡಿದು, ಕಬ್ಬಿಣಕ್ಕೆ ಕಿವಿ ಹಚ್ಚಿ ನಿಂತರು.

"ಒಳಗ ಯಾರೂ ಇಲ್ಲ," ಎಂದರು ಗುಮಾಸ್ತನಿಗೆ. "ಒಯ್ರಿ."